ಹಸಿಯದು ಹಸಿವನ್ನು ತಣಿಸೀತೆ?

ಕನ್ನಡದಲ್ಲಿ ‘ಹಸಿ’ ಎಂಬ ಮಾತಿಗೂ ‘ಹಸಿವು’ ಎಂಬ ಮಾತಿಗೂ ಇರುವ ಅಂತರ ಒಂದೇ ಅಕ್ಷರದ್ದು. ಆದರೆ ಊಟದ ಎಲೆಯ ಮುಂದೆ ಕುಳಿತ ಗೃಹಸ್ಥನಿಗೆ ಇವೆರಡರ ನಡುವೆ ದೊಡ್ಡದೊಂದು ಕಂದಕವೇ ಇರುವಂತೆ ತೋರುತ್ತದೆ. ಹಸಿಯ ಪದಾರ್ಥವೆಂದರೆ ಎಲೆಯ ತುದಿಯಲ್ಲಿ ಬಡಿಸುವ ಎರಡು ಚಮಚ ಕೋಸಂಬರಿ. ರಾಮನವಮಿಯ ದಿನ ಪಾನಕದ ಜೊತೆಗೆ ಬೊಗಸೆಗೆ ಬೀಳುವ ಹೆಸರುಬೇಳೆ. ಉತ್ತರದ ಜಿಲ್ಲೆಗಳಲ್ಲಾದರೆ ರೊಟ್ಟಿಯ ಪಕ್ಕದ ಒಂದು ಹಿಡಿ ಪಚಡಿ. ಅದು ನಾಲಿಗೆಗೆ ಉಲ್ಲಾಸ, ಕಣ್ಣಿಗೆ ಅಲಂಕಾರ. ಹಸಿವನ್ನು ಕಳೆಯುವ ಹೊಣೆ ಮಾತ್ರ ಅನ್ನದ್ದು, ರೊಟ್ಟಿಯದು. ಹಸಿ ಸೊಪ್ಪು ತಿಂದು ಹೊಟ್ಟೆ ತುಂಬಿಸಿಕೊಳ್ಳುವುದು ಕೊಟ್ಟಿಗೆಯವರ ಪದ್ಧತಿಯೇ ಹೊರತು ಅಡುಗೆಮನೆಯವರದಲ್ಲವೆಂದು ಹಿರಿಯರು ನಗುವುದುಂಟು.

ಆ ನಗುವಿಗೆ ಉತ್ತರ ಕೊಡಬೇಕಾದ ಕಾಲ ಇಂದು ಅನೇಕ ಮನೆಗಳಿಗೆ ಬಂದಿದೆ. ಪಟ್ಟಣಗಳಲ್ಲಿ ಓದುವ, ದುಡಿಯುವ ಮಕ್ಕಳು ಕೆಲವರು ಮಾಂಸವನ್ನಷ್ಟೇ ಅಲ್ಲದೆ ಹಾಲು, ಮೊಸರು, ಬೆಣ್ಣೆ, ತುಪ್ಪಗಳನ್ನೂ ತೊರೆದು ಮನೆಗೆ ಬರುತ್ತಿದ್ದಾರೆ. ಪ್ರಾಣಿಗಳಿಂದ ಬಂದ ಯಾವುದನ್ನೂ ಮುಟ್ಟದ ಈ ವ್ರತಕ್ಕೆ ‘ವೀಗನ್’ ಎಂಬ ಹೆಸರು ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ. ಡೊನಾಲ್ಡ್ ವಾಟ್ಸನ್ ಎಂಬಾತನೂ ಅವನ ಗೆಳೆಯರೂ ಸೇರಿ ಆ ವರ್ಷ ಒಂದು ಸಂಘವನ್ನೇ ಕಟ್ಟಿದರು. ನಮ್ಮ ನಾಡಿನ ಶಾಕಾಹಾರಕ್ಕೆ ಹಾಲು ಎಂದೂ ನಿಷಿದ್ಧವಾಗಿರಲಿಲ್ಲ. 16ನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನೆಂಬ ಜೈನಕವಿ ಷಟ್ಪದಿಯಲ್ಲಿ ಬರೆದ ‘ಸೂಪಶಾಸ್ತ್ರ’ ಶಾಕಾಹಾರದ ಪಾಕಗ್ರಂಥವೇ. ಆದರೂ ಹಾಲು ತುಪ್ಪಗಳಿಗೆ ಅಲ್ಲಿ ಕೊರತೆಯಿಲ್ಲ. ಆದುದರಿಂದ ಮಗನೋ ಮಗಳೋ ಮಜ್ಜಿಗೆಯ ಲೋಟವನ್ನು ಪಕ್ಕಕ್ಕೆ ಸರಿಸಿದಾಗ ತಾಯಿಯಾದವಳು ತಬ್ಬಿಬ್ಬಾಗುವುದು ಸಹಜ.

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲೂಕಿನ ಕಬ್ಬೂರಿನಲ್ಲಿ ಇಂತಹ ಒಂದು ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ಹೆಸರಿನಲ್ಲಿಯೇ ಕಬ್ಬನ್ನು ಹೊತ್ತಂತೆ ಕಿವಿಗೆ ಕೇಳುವ ಊರು. ಸುತ್ತಲಿನ ಸೀಮೆಯಲ್ಲಿ ಕಣ್ಣಿಗೆ ಬೀಳುವುದೂ ಬಹುಮಟ್ಟಿಗೆ ಕಬ್ಬೇ. ಮನೆಯ ಹಿತ್ತಿಲಿನಲ್ಲಿ ಎರಡು ಎಮ್ಮೆಗಳು. ಮಗಳು ಪುಣೆಯಲ್ಲಿ ಓದುತ್ತಿದ್ದಾಳೆ. ಅವಳ ಕಾಲೇಜಿನ ಶುಲ್ಕದ ಒಂದು ಪಾಲು ಆ ಎಮ್ಮೆಗಳ ಹಾಲಿನಿಂದಲೇ ಹುಟ್ಟಿದ್ದು. ರಜೆಗೆ ಬಂದ ಮಗಳು ಮೊದಲನೆಯ ದಿನವೇ ಹಾಲು ಮೊಸರು ಬೇಡವೆಂದಳು. ಎರಡನೆಯ ದಿನ ತನ್ನ ಊಟವನ್ನು ತಾನೇ ಸಿದ್ಧಪಡಿಸಿಕೊಂಡಳು: ಸೌತೆಕಾಯಿ, ಟೊಮ್ಯಾಟೊ, ಎಲೆಕೋಸು, ಮೇಲೆ ನಿಂಬೆಯ ರಸ. ಮಧ್ಯಾಹ್ನ ಒಂದು ಗಂಟೆಗೆ ಮುಗಿದ ಆ ಊಟ ನಾಲ್ಕು ಗಂಟೆಯ ಹೊತ್ತಿಗೆ ಕರಗಿಹೋಗಿ, ಅವಳು ಸದ್ದಿಲ್ಲದೆ ಶೇಂಗಾದ ಡಬ್ಬಿಗೆ ಕೈಹಾಕಿದ್ದನ್ನು ತಾಯಿ ಕಂಡಳು. ಕಂಡು ನಗಲಿಲ್ಲ. “ಇದ ಏನ ಊಟ? ಎಮ್ಮಿ ಮಾರಿಬಿಡೂಣೇನು?” ಎಂದಳು. ಆ ಮಾತಿನಲ್ಲಿ ವ್ಯಂಗ್ಯಕ್ಕಿಂತ ನೋವೇ ಹೆಚ್ಚಾಗಿತ್ತು. ತನ್ನ ಕೈಯಿಂದ ಕರೆದ ಹಾಲನ್ನು ಬೇಡವೆಂದವಳು ತನ್ನನ್ನೇ ಬೇಡವೆಂದಳೇನೋ ಎಂಬ ಸಂಶಯ ತಾಯಿಯ ಮನಸ್ಸಿನಲ್ಲಿ ಸುಳಿದಿದ್ದರೆ ಅಚ್ಚರಿಯಿಲ್ಲ.

ಮಗಳ ತಟ್ಟೆಯಲ್ಲಿದ್ದ ದೋಷವಾದರೂ ಏನು? ಸೌತೆಕಾಯಿಯ ತೂಕದಲ್ಲಿ ನೂರಕ್ಕೆ ತೊಂಬತ್ತೈದು ಪಾಲು ನೀರು. ಟೊಮ್ಯಾಟೊ, ಎಲೆಕೋಸುಗಳೂ ಅದರ ದಾಯಾದಿಗಳೇ. ಇಂತಹ ತರಕಾರಿಗಳಲ್ಲಿ ಜೀವಸತ್ವಗಳಿವೆ, ನಾರಿದೆ, ರುಚಿಯಿದೆ. ದುಡಿಯುವ ದೇಹಕ್ಕೆ ಬೇಕಾದ ಕಸುವು ಮಾತ್ರ ತೀರ ಕಡಿಮೆ. ಊಟದಿಂದ ಅನ್ನವನ್ನೂ ಸಾರನ್ನೂ ಮೊಸರನ್ನೂ ತೆಗೆದುಹಾಕಿ ಉಳಿದದ್ದನ್ನು ಹೆಚ್ಚಿಟ್ಟರೆ ಅದು ಊಟದ ಶೇಷವಾಗುತ್ತದೆ. ಅದರಿಂದ ಹಸಿವು ತಣಿಯಲಿಲ್ಲವೆಂದರೆ ಹಸಿ ಪದಾರ್ಥದ ಮೇಲೆ ತಪ್ಪು ಹೊರಿಸುವಂತಿಲ್ಲ.

ಆ ಮನೆಯಲ್ಲಿ ದೋಷವನ್ನು ಕಂಡುಹಿಡಿದವಳು ಮೂಲೆಯಲ್ಲಿ ಕುಳಿತಿದ್ದ ಅಜ್ಜಿ. “ಹೊಲದಾಗ ನಾವು ತಿಂತಿದ್ದದ್ದ ಏನು? ರೊಟ್ಟಿ, ಕಾಳು, ಹಿಂಡಿ. ಅದರ ಮ್ಯಾಲೆ ಕೈತುಂಬ ಸೊಪ್ಪು. ಸೊಪ್ಪು ಕಡೀಗೆ ಬರತೈತಿ, ಮೊದಲಿಗಲ್ಲ,” ಎಂದಳು ಆಕೆ. ಪಾಕಶಾಸ್ತ್ರದ ದೊಡ್ಡದೊಂದು ಸೂತ್ರ ಈ ಮಾತಿನಲ್ಲಿ ಅಡಗಿದೆ. ಹಸಿ ತರಕಾರಿಯ ಊಟ ಊಟವಾಗಬೇಕಾದರೆ ಅದನ್ನು ತರಕಾರಿಯಿಂದ ಆರಂಭಿಸಕೂಡದು. ಮೊದಲು ಧಾನ್ಯ, ಅನಂತರ ದ್ವಿದಳ ಕಾಳು, ಮೂರನೆಯದಾಗಿ ಎಣ್ಣೆಕಾಳು. ಇವು ಮೂರೂ ನೆಲೆಗೊಂಡ ಮೇಲೆ ಸೊಪ್ಪು ತರಕಾರಿಗಳು ಎಷ್ಟು ಬಂದರೂ ಶೋಭೆಯೇ.

ಉತ್ತರ ಕರ್ನಾಟಕದ ಬುತ್ತಿಯಲ್ಲಿ ಈ ಸೂತ್ರ ಬಹುಕಾಲದಿಂದ ನಡೆದುಬಂದಿದೆ. ಜೋಳದ ರೊಟ್ಟಿ, ಮಡಕಿ ಕಾಳಿನ ಉಸುಳಿ, ಗುರೆಳ್ಳಿನ ಅಥವಾ ಅಗಸೆಯ ಹಿಂಡಿ, ಶೇಂಗಾದ ಚಟ್ನಿ, ಜೊತೆಗೆ ಹಸಿಯಾದ ಮೆಂತ್ಯದ ಸೊಪ್ಪು, ಹಕ್ಕರಕಿ, ಈರುಳ್ಳಿಯ ತಪ್ಪಲು, ಮೂಲಂಗಿ. ಎಳ್ಳ ಅಮಾವಾಸ್ಯೆಯಂದು ಹೊಲದಲ್ಲಿ ಚರಗ ಚೆಲ್ಲಿ ಊಟಕ್ಕೆ ಕುಳಿತವರ ಮುಂದೆ ಬಿಚ್ಚಿಕೊಳ್ಳುವುದು ಇದೇ ಬಳಗದ ಪದಾರ್ಥಗಳು. ಹಾಲಿನ ನೆರವಿಲ್ಲದೆ ಸಿಹಿ ಮಾಡುವ ಕಲೆಯೂ ಆ ಸೀಮೆಗೆ ಹೊಸದಲ್ಲ: ಕುಸುಬೆಯ ಬೀಜವನ್ನು ನೆನೆಸಿ, ಅರೆದು, ಹಿಂಡಿ ತೆಗೆದ ಬಿಳಿಯ ಹಾಲಿನಿಂದ ಅಲ್ಲಿ ಕುಸುಬಿ ಹುಗ್ಗಿಯನ್ನು ಮಾಡುತ್ತಾರೆ.

ಇದರ ಹಿಂದಿನ ಕಾರಣವನ್ನು ಇಂದಿನ ವಿಜ್ಞಾನ ಬಲ್ಲದು. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಸಸಾರಜನಕ, ಅಂದರೆ ಪ್ರೋಟೀನು, ಇರುತ್ತದೆ. ಮಡಕಿ, ಹೆಸರುಕಾಳುಗಳಲ್ಲಿ 23 ಗ್ರಾಂನಷ್ಟು. ಶೇಂಗಾದಲ್ಲಿ ಸುಮಾರು 25 ಗ್ರಾಂ. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಕಾಳಿನಲ್ಲಿ ಅದು ಹೇರಳ. ಕಾಳಿನಲ್ಲಿ ಕೊರತೆಯಿರುವ ಮೆಥಿಯೊನಿನ್ ಎಂಬುದನ್ನು ಧಾನ್ಯ ತುಂಬಿಕೊಡುತ್ತದೆ. ಎಣ್ಣೆಕಾಳಿನ ಜಿಡ್ಡು ಊಟವನ್ನು ಹೊಟ್ಟೆಯಲ್ಲಿ ನಿಧಾನವಾಗಿ ಇಳಿಯುವಂತೆ ಮಾಡುವುದಲ್ಲದೆ, ಸೊಪ್ಪು ಗಜ್ಜರಿಗಳಲ್ಲಿರುವ ‘ಎ’ ಜೀವಸತ್ವದ ಮೂಲವಸ್ತು ದೇಹಕ್ಕೆ ಸೇರಲೂ ನೆರವಾಗುತ್ತದೆ. ಮೇಲೆ ಹಿಂಡುವ ನಿಂಬೆಯೂ ಕೇವಲ ಹುಳಿಗಾಗಿ ಅಲ್ಲ. ಕಾಳು ಸೊಪ್ಪುಗಳ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ಅದರ ‘ಸಿ’ ಜೀವಸತ್ವ ಸಹಾಯಕ. ಊಟದ ಬೆನ್ನಿಗೇ ಚಹ ಕುಡಿದರೆ ಆ ಲಾಭ ಕುಗ್ಗುತ್ತದೆ ಎಂಬುದನ್ನೂ ಗೃಹಿಣಿಯರು ನೆನಪಿನಲ್ಲಿಡುವುದು ಒಳ್ಳೆಯದು.

ಇಷ್ಟಾದ ಮೇಲೆ ಅಡುಗೆಗೆ ಬರಬಹುದು. ರೊಟ್ಟಿ ಬಡಿಯುವ ಅಭ್ಯಾಸವೋ ವ್ಯವಧಾನವೋ ಇಲ್ಲದ ಪಟ್ಟಣದ ಮನೆಗಳಲ್ಲಿ ಜೋಳದ ನುಚ್ಚನ್ನೇ ಆಧಾರವಾಗಿಟ್ಟುಕೊಳ್ಳುವುದು ಸುಲಭ. ನಾಲ್ಕು ಜನರ ಒಂದು ಹೊತ್ತಿನ ಊಟಕ್ಕೆ 350 ಗ್ರಾಂ ಜೋಳದ ನುಚ್ಚು, 200 ಗ್ರಾಂ ಮಡಕಿ ಕಾಳು, 100 ಗ್ರಾಂ ಶೇಂಗಾ, ನಾಲ್ಕು ಚಮಚ ಗುರೆಳ್ಳಿನ ಪುಡಿ, ಎರಡು ಚಮಚ ಕುಸುಬೆ ಎಣ್ಣೆ ಅಥವಾ ಶೇಂಗಾ ಎಣ್ಣೆ ಸಾಕು. ಲೆಕ್ಕ ಹಾಕಿದರೆ ಒಬ್ಬೊಬ್ಬರಿಗೆ 25 ಗ್ರಾಂಗೆ ಕಡಿಮೆಯಿಲ್ಲದಷ್ಟು ಪ್ರೋಟೀನು ದೊರೆಯುತ್ತದೆ.

ಕಾಳನ್ನು ಹಿಂದಿನ ದಿನ ಬೆಳಗ್ಗೆ ನೆನೆಹಾಕಿ, ರಾತ್ರಿ ನೀರು ಬಸಿದು ಒದ್ದೆಯ ಬಟ್ಟೆಯಲ್ಲಿ ಕಟ್ಟಿಟ್ಟರೆ ಮಾರನೆಯ ದಿನಕ್ಕೆ ಮೊಳಕೆಯೊಡೆಯುತ್ತದೆ. ಅದನ್ನು ಐದಾರು ನಿಮಿಷ ಹಬೆಯಲ್ಲಿ ಬೇಯಿಸುವುದು ಒಳಿತು. ಕಾಳು ಮೆತ್ತಗಾಗಿ ಹೊಟ್ಟೆಗೆ ಹಗುರವಾಗುವುದಲ್ಲದೆ, ಮೊಳಕೆಯ ತೇವದಲ್ಲಿ ಬೆಳೆಯಬಹುದಾದ ರೋಗಾಣುಗಳ ಭಯವೂ ತಗ್ಗುತ್ತದೆ. ನುಚ್ಚನ್ನು ಮೊದಲು ಜರಡಿ ಹಿಡಿದು ಹಿಟ್ಟನ್ನು ಬೇರ್ಪಡಿಸಬೇಕು. ಈ ಕೆಲಸಕ್ಕೆ ಬೇಸರಪಟ್ಟರೆ ಪಾತ್ರೆಯಲ್ಲಿ ಸಿಗುವುದು ಅಂಬಲಿ! ಜರಡಿಯಲ್ಲಿ ನಿಂತ ನುಚ್ಚನ್ನು ಘಮ್ಮೆನ್ನುವವರೆಗೆ ಹುರಿದು, ಎರಡೂವರೆ ಪಾಲು ನೀರಿನಲ್ಲಿ ಬೇಯಿಸಿ, ಅಗಲವಾದ ಪರಾತದಲ್ಲಿ ಹರವಿ, ಸ್ವಲ್ಪ ಎಣ್ಣೆ ಸವರಿ ಆರಲು ಬಿಡಬೇಕು.

ಇನ್ನು ಹಸಿಯ ಪಾಲು: ಎಳೆಯ ಮೆಂತ್ಯದ ಸೊಪ್ಪು ಎರಡು ಹಿಡಿ, ಈರುಳ್ಳಿಯ ತಪ್ಪಲು, ಒಂದು ಮೂಲಂಗಿ, ಎರಡು ಸೌತೆಕಾಯಿ, ಒಂದೆರಡು ಗಜ್ಜರಿ, ಕೊತ್ತಂಬರಿ. ಸೊಪ್ಪನ್ನು ಮೂರು ನಾಲ್ಕು ನೀರಿನಲ್ಲಿ ತೊಳೆಯದೆ ಬಳಸಕೂಡದು. ಹುರಿದ ಶೇಂಗಾವನ್ನು ಅರ್ಧ ಇಡಿಯಾಗಿ, ಅರ್ಧ ತರಿತರಿಯಾಗಿ ಕುಟ್ಟಿ ಹಾಕಿದರೆ ಹಲ್ಲಿಗೂ ಕೆಲಸ, ನುಚ್ಚಿಗೂ ಅಂಟು. ಎಲ್ಲವನ್ನೂ ಬೆರೆಸಿ, ಗುರೆಳ್ಳಿನ ಪುಡಿ ಉದುರಿಸಿ, ಸಾಸಿವೆ, ಜೀರಿಗೆ, ಕರಿಬೇವಿನ ಒಗ್ಗರಣೆ ಕೊಟ್ಟು, ಎಲೆಯ ಮುಂದೆ ಎಲ್ಲರೂ ಕುಳಿತ ಮೇಲೆಯೇ ಉಪ್ಪು, ನಿಂಬೆಯ ರಸ ಸೇರಿಸಬೇಕು. ‘ಸಲಾಡ್’ ಎಂಬ ಮಾತಿನ ಮೂಲ ಲ್ಯಾಟಿನ್ ಭಾಷೆಯ ಉಪ್ಪು. ಆದರೂ ಆ ಉಪ್ಪೇ ಅದರ ಶತ್ರು. ಮುಂಚಿತವಾಗಿ ಬಿದ್ದರೆ ತರಕಾರಿಯ ನೀರನ್ನೆಲ್ಲ ಹೊರಗೆಳೆದು ತಟ್ಟೆಯನ್ನು ಕೆರೆಯನ್ನಾಗಿ ಮಾಡುತ್ತದೆ. ಕೋಸಂಬರಿ ಮಾಡಿ ಬಲ್ಲವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಋತುವಿಗೆ ತಕ್ಕಂತೆ ಈ ಊಟ ವೇಷ ಬದಲಿಸಬಲ್ಲದು. ಚಳಿಗಾಲದಲ್ಲಿ ಹಸಿಕಡಲೆ, ಹಕ್ಕರಕಿ. ಬೇಸಗೆಯಲ್ಲಿ ಸೌತೆ, ಮಾವಿನಕಾಯಿಯ ತುರಿ. ಆ ಸೀಮೆಯಲ್ಲಿ ಜೈನ ಕುಟುಂಬಗಳು ಬಹಳ. ಗಡ್ಡೆಗಳನ್ನು ಬಿಟ್ಟವರೂ ಚಾತುರ್ಮಾಸದಲ್ಲಿ ಸೊಪ್ಪನ್ನು ವರ್ಜಿಸುವವರೂ ಮೊಳಕೆಯ ಬದಲು ಬೇಯಿಸಿದ ಕಾಳು, ಮೂಲಂಗಿ ಈರುಳ್ಳಿಗಳ ಬದಲು ಸೌತೆ, ಟೊಮ್ಯಾಟೊ, ಬೇಯಿಸಿದ ಕುಂಬಳ ಇವುಗಳಿಂದ ಇದೇ ಊಟವನ್ನು ಕಟ್ಟಿಕೊಳ್ಳಬಹುದು. ನುಚ್ಚು ದೊರೆಯದ ಊರಿನಲ್ಲಿ ನವಣೆಯಕ್ಕಿ, ಗೋದಿಯ ರವೆ ಆ ಸ್ಥಾನವನ್ನು ತುಂಬುತ್ತವೆ. ಸೂತ್ರ ಕೆಡದಿದ್ದರೆ ಸಾಕು.

ಒಂದು ವಿಷಯದಲ್ಲಿ ಮಾತ್ರ ತಾಯಿಯ ಆತಂಕವನ್ನು ಅಜ್ಜಿಯ ಬುತ್ತಿಯೂ ಪೂರ್ಣವಾಗಿ ಪರಿಹರಿಸಲಾರದು. ಬಿ-12 ಎಂಬ ಜೀವಸತ್ವ ಸೊಪ್ಪಿನಲ್ಲಿಯೂ ಇಲ್ಲ, ಕಾಳಿನಲ್ಲಿಯೂ ಇಲ್ಲ. ಶಾಕಾಹಾರಿಗಳಿಗೆ ಅದು ಮುಖ್ಯವಾಗಿ ಬರುವುದು ಹಾಲು ಮೊಸರುಗಳಿಂದ. ಅವನ್ನು ಬಿಟ್ಟವರ ದೇಹದಲ್ಲಿ ಹಿಂದಿನ ಸಂಗ್ರಹ ಕೆಲವು ಕಾಲ ನಡೆಯುತ್ತದೆಯಾದ್ದರಿಂದ ಕೊರತೆ ಕೂಡಲೆ ತಿಳಿಯುವುದಿಲ್ಲ. ಕೆಲವು ವರ್ಷಗಳ ಮೇಲೆ ಆಯಾಸ, ರಕ್ತಹೀನತೆ, ಕೈಕಾಲುಗಳ ಜೋಮು ಎಂದು ತಲೆದೋರಿ, ಅಲಕ್ಷಿಸಿದರೆ ನರಗಳಿಗೆ ಶಾಶ್ವತವಾದ ಹಾನಿಯಾಗಬಹುದು. ಆದುದರಿಂದ ಹಾಲನ್ನು ತೊರೆದವರು ವೈದ್ಯರ ಸಲಹೆಯಂತೆ ಬಿ-12ರ ಗುಳಿಗೆಯನ್ನೋ ಅದನ್ನು ಬೆರೆಸಿದ ಆಹಾರವನ್ನೋ ತಪ್ಪದೆ ಸೇವಿಸಬೇಕು. ಸುಣ್ಣದ ಅಂಶಕ್ಕೆ ಎಳ್ಳು, ರಾಗಿ, ನುಗ್ಗೆಸೊಪ್ಪುಗಳಿವೆ. ಬಿ-12ಕ್ಕೆ ಹಿತ್ತಿಲ ಮದ್ದಿಲ್ಲ.

ಕಬ್ಬೂರಿನ ಆ ಮನೆಗೆ ಮರಳಿದರೆ, ಗುಳಿಗೆಯ ಮಾತನ್ನು ಮಗಳು ತಾನಾಗಿಯೇ ಹೇಳಿದಾಗ ತಾಯಿಯ ಮುಖದ ಬಿಗಿ ಸ್ವಲ್ಪ ಸಡಿಲವಾಯಿತು. ಬಿಡುವವಳು ಲೆಕ್ಕವಿಟ್ಟು ಬಿಡುತ್ತಿದ್ದಾಳೆ ಎಂಬ ಸಮಾಧಾನ ಅದು. ಎಮ್ಮೆಗಳ ಪ್ರಶ್ನೆ ಬಗೆಹರಿಯಲಿಲ್ಲ; ಶುಲ್ಕ ಕಟ್ಟಿದ ಹಾಲು ಯಾವುದೆಂಬುದನ್ನು ಮಗಳು ಮರೆಯುವಂತಿಲ್ಲ, ತಾಯಿ ನೆನಪಿಸದೆ ಇರುವಂತಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯ ಮೊದಲರ್ಧ ಒಂದು ಮಧ್ಯಾಹ್ನದಲ್ಲಿ ಕೈಗೆ ಬಂದೀತು. ಎರಡನೆಯದಕ್ಕೆ ಹಲವು ರಜೆಗಳು ಬೇಕು.

ಆದರೂ ಅಂದು ನಾಲ್ವರೂ ಒಂದೇ ಪರಾತದಿಂದ ಬಡಿಸಿಕೊಂಡರು. ತಂದೆ ತನ್ನ ಪಾಲಿನ ಮೇಲೆ ಧಾರಾಳವಾಗಿ ಮೊಸರು ಸುರಿದುಕೊಂಡನು. ಅಜ್ಜಿಗೆ ಹಲ್ಲಿಲ್ಲವೆಂದು ಮಗಳು ಅವಳ ಪಾಲನ್ನು ಒರಳಿನಲ್ಲಿ ಮೃದುವಾಗಿ ಕುಟ್ಟಿಕೊಟ್ಟಳು. ತಾಯಿ ಮೊದಲು ಮಜ್ಜಿಗೆಯ ಗಡಿಗೆಯನ್ನು ಮಗಳ ಕಡೆಗೆ ಸರಿಸಿ, ನೆನಪಾಗಿ ಹಿಂದಕ್ಕೆ ಎಳೆದುಕೊಂಡು, ಅದರ ಜಾಗದಲ್ಲಿ ಗುರೆಳ್ಳಿನ ಹಿಂಡಿಯ ಭರಣಿಯನ್ನಿಟ್ಟಳು. ನಾಲ್ಕು ಗಂಟೆಗೆ ಶೇಂಗಾದ ಡಬ್ಬಿಯ ಸದ್ದಾಗುವುದೇನೋ ಎಂದು ಅವಳು ಕಿವಿಗೊಟ್ಟೇ ಇದ್ದಳು. ಆಗಲಿಲ್ಲ.