ಮಹಾಮಾರಿಯೂ ಆಟದ ಮೈದಾನವೂ

2020ರ ಮಹಾಮಾರಿಯಲ್ಲಿ ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ಫುಟ್‌ಬಾಲ್ ನಿಂತರೆ ಟಿಕೆಟ್ಟಿನ, ದೂರದರ್ಶನದ ಹಣವೂ ನಿಲ್ಲುವುದೆಂದು ಕಂಗಾಲಾದವು. ಅಲ್ಲಿ ಆಟವೇ ಹಣ ತರುತ್ತದೆ. ನಮ್ಮಲ್ಲಿಯಾದರೋ ವಿದ್ಯಾರ್ಥಿಯ ಶುಲ್ಕವು ಆಟವನ್ನು ಸಾಕುತ್ತದೆ. ಗಂಗಾವತಿಯ ಭತ್ತದ ಗದ್ದೆಯಲ್ಲಿ, ಕುಷ್ಟಗಿ, ಯಲಬುರ್ಗಾಗಳ ಒಣಹೊಲದಲ್ಲಿ ಬೆವರಿಳಿಸಿ ತಂದ ಹಣವದು.

ನಮ್ಮ ಕೊಪ್ಪಳ ವಿಶ್ವವಿದ್ಯಾಲಯವನ್ನೇ ಹಣದ ಅಭಾವದಿಂದ ಮುಚ್ಚುವ ಮಾತು 2025ರಲ್ಲಿ ಕೇಳಿಬಂದಿತು. ಹೀಗಿರುವಾಗ ಮತ್ತೊಂದು ಮಹಾಮಾರಿ ಬಂದರೆ ಕಬಡ್ಡಿ, ಖೋಖೋಗಳ ಗತಿಯೇನು? ನಮ್ಮ ಮನೆತನದಲ್ಲಿ ಕಾಲೇಜಿನ ಹೊಸ್ತಿಲು ತುಳಿದವನು ನಾನೇ ಮೊದಲಿಗ. ಶುಲ್ಕದ ಒಂದೊಂದು ರೂಪಾಯಿಯ ಬೆಲೆ ಬಲ್ಲೆ. ಆಟವಿಲ್ಲದ ವರುಷ ಕ್ರೀಡಾಶುಲ್ಕವನ್ನು ಪಡೆಯಬಾರದು. ಪಡೆದರೆ ಅನ್ಯ ಖರ್ಚಿಗೆ ಬಳಸದೆ ಮೈದಾನಕ್ಕೆಂದೇ ಕಾದಿರಿಸಬೇಕು. ಗುರುವರ್ಯರೂ ಸಹಪಾಠಿಗಳೂ ಇದನ್ನು ವಿಚಾರಿಸಲಿ. ರೋಗ ತೊಲಗಿದ ಮೇಲೆ ನಮ್ಮ ತಮ್ಮ ತಂಗಿಯರಿಗೆ ಓಡಲು ಮೈದಾನವಾದರೂ ಉಳಿದಿರಬೇಕು.