ಮಡುವಿನ ಭಯವನ್ನು ಅಳಿಸಿದವರು

ಮಲೆನಾಡಿನ ಯಾವ ಹೊಳೆಯ ದಂಡೆಯಲ್ಲಿ ವಿಚಾರಿಸಿದರೂ ಒಂದು ಮಡುವಿನ ಹೆಸರು ಸಿಗುತ್ತದೆ. ಕೆಲವು ಸೀಮೆಗಳಲ್ಲಿ ಅದು ಗುಂಡಿ. ಘಟ್ಟದ ಕೆಳಗೆ ತುಳು ಮಾತಿನಲ್ಲಿ ಗಯ. ಅದಕ್ಕೆ ತಳವೇ ಇಲ್ಲವೆಂದು ಒಬ್ಬರು ಹೇಳಿದರೆ, ಏಳು ಮಂಚದ ಹಗ್ಗ ಬಿಚ್ಚಿ ಇಳಿಬಿಟ್ಟರೂ ಕಲ್ಲು ನೆಲ ಮುಟ್ಟಲಿಲ್ಲವೆಂದು ಇನ್ನೊಬ್ಬರು ಸಾಕ್ಷಿ ನುಡಿಯುತ್ತಾರೆ. ಅಲ್ಲಿಗೆ ಹೋಗಬೇಡವೆಂದು ತಾಯಿ ಗದರಿದಷ್ಟೂ ಮಕ್ಕಳಿಗೆ ಅಲ್ಲಿಗೇ ಹೋಗಬೇಕೆನಿಸುತ್ತದೆ. ದಂಡೆಯ ಬಂಡೆಯ ಮೇಲೆ ಹೊಟ್ಟೆಯಡಿಯಾಗಿ ಮಲಗಿ, ಹಸಿರಿನಿಂದ ಕಪ್ಪಿಗೆ ತಿರುಗುವ ನೀರನ್ನು ಗಂಟೆಗಟ್ಟಲೆ ದಿಟ್ಟಿಸದ ಮಲೆನಾಡಿನ ಬಾಲ್ಯ ವಿರಳ. ಹೆದರಿಕೆ ಮತ್ತು ಸೆಳೆತ ಎರಡೂ ಅಲ್ಲಿ ಬೇರೆ ಬೇರೆಯಾಗಿರಲಿಲ್ಲ.

ಈ ಹೆದರಿಕೆಯನ್ನು ಮೂಢನಂಬಿಕೆಯೆಂದು ಕರೆದು ಹೋಗಲಾಡಿಸುವ ಕೆಲಸ ಅರ್ಧ ಶತಮಾನಕ್ಕೂ ಮಿಕ್ಕು ನಡೆದಿದೆ. ಪಾಠಪುಸ್ತಕ, ಭಾಷಣ, ಯೋಜನಾ ವರದಿ, ಪ್ರವಾಸದ ಕರಪತ್ರ ಎಲ್ಲವೂ ಇದರಲ್ಲಿ ಪಾಲು ಪಡೆದಿವೆ. ಭಯ ಹೋಯಿತು; ಸೆಳೆತ ಮಾತ್ರ ಉಳಿಯಿತು. ಕಡಿವಾಣವಿಲ್ಲದ ಆ ಸೆಳೆತವೇ ಇಂದು ಹೊಳೆಯನ್ನೂ, ಹೊಳೆಯನ್ನು ಅರಿಯದ ಎಳೆಯರನ್ನೂ ಬಲಿ ತೆಗೆದುಕೊಳ್ಳುತ್ತಿದೆ.

ಮಡುವಿನ ದಂಡೆಯಲ್ಲಿ ಚೌಡಿ ಇದ್ದಾಳೆ, ನಾಗನಿದ್ದಾನೆ ಎಂದ ಹಿರಿಯರು ನಿಜಕ್ಕೂ ಹೇಳಿದ್ದೇನು? ಇಲ್ಲಿ ಗಲಾಟೆ ಬೇಡ, ಬಲೆ ಬೇಡ, ಎಂಜಲು ಬೇಡ, ಹೊತ್ತು ಮುಳುಗಿದ ಮೇಲೆ ನೀರಿಗಿಳಿಯುವುದು ಬೇಡ. ಇವಿಷ್ಟನ್ನೂ ಒಂದು ಸರ್ಕಾರಿ ಅಧಿಸೂಚನೆಯಲ್ಲಿ ಬರೆದಿದ್ದರೆ ಅದನ್ನು ಸಂರಕ್ಷಣಾ ನಿಯಮವೆಂದು ಕರೆಯಲಾಗುತ್ತಿತ್ತು. ಅಕ್ಷರವಿಲ್ಲದವರು ಕಥೆಯಲ್ಲಿ ಹೇಳಿದ್ದರಿಂದ ಅದು ಮೌಢ್ಯವಾಯಿತು.

ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಹಲವು ಊರುಗಳವರು ತಮ್ಮದೇ ಮಡುವಿನ ಮೇಲಿಟ್ಟು ಹೇಳುವ ಒಂದು ಕಥೆಯಿದೆ. ಬಡವರ ಮನೆಯಲ್ಲಿ ಮದುವೆ ನಿಶ್ಚಯವಾದರೆ ಮುನ್ನಾದಿನ ಸಂಜೆ ವೀಳ್ಯವಿಟ್ಟು ಮಡುವನ್ನು ಬೇಡಿಕೊಳ್ಳಬೇಕು. ಬೆಳಗಾಗುವಷ್ಟರಲ್ಲಿ ಅಡುಗೆಗೆ ಬೇಕಾದ ಪಾತ್ರೆಗಳೆಲ್ಲ ದಂಡೆಯ ಮೇಲೆ ಇರುತ್ತಿದ್ದವು. ಊಟ ಮುಗಿದ ಮೇಲೆ ತೊಳೆದು ಹಿಂದಿರುಗಿಸಬೇಕು. ಒಮ್ಮೆ ಯಾರೋ ಒಂದು ಸೌಟನ್ನು ಬಚ್ಚಿಟ್ಟುಕೊಂಡರು. ಅಂದಿನಿಂದ ಮಡು ಏನನ್ನೂ ಕೊಡಲಿಲ್ಲ. ಒಂದೇ ಒಂದು ಸೌಟಿಗೆ ಮುನಿದ ಮಡುವಿನ ಈ ಕಥೆಯನ್ನು ಕೇಳಿ ಬೆಳೆದವರು ಹೊಳೆಯಿಂದ ಎಷ್ಟು ಪಡೆಯಬಹುದು, ಎಷ್ಟನ್ನು ಅಲ್ಲಿಯೇ ಬಿಡಬೇಕು ಎಂಬುದನ್ನು ಯಾವ ವಿಶ್ವವಿದ್ಯಾಲಯದ ನೆರವಿಲ್ಲದೆ ಬಲ್ಲವರಾಗಿದ್ದರು.

ವಿಜ್ಞಾನ ಇದಕ್ಕೆ ವಿರುದ್ಧವಾಗಿ ಏನನ್ನೂ ಹೇಳುವುದಿಲ್ಲ. ಮಳೆಗಾಲದ ಸೆಳವಿನಲ್ಲಿ ಸಿಕ್ಕಿದ ಉರುಟುಗಲ್ಲುಗಳು ಬಂಡೆಯ ತಗ್ಗಿನಲ್ಲಿ ಸಾವಿರಾರು ವರ್ಷ ತಿರುಗಿ ತಿರುಗಿ ಕೊರೆದ ಕುಳಿಗಳೂ, ಅಬ್ಬಿಯ ಬುಡದಲ್ಲಿ ನೀರಿನ ಪೆಟ್ಟು ತೋಡಿದ ಹೊಂಡಗಳೂ ಮಡುಗಳಾಗುತ್ತವೆ. ಏಪ್ರಿಲ್, ಮೇ ತಿಂಗಳಿನಲ್ಲಿ ಹೊಳೆ ಎಳೆಯಾಗಿ, ಕೆಲವೆಡೆ ಹರಿವೇ ಕಡಿದಾಗ, ಜೀವ ಉಳಿಯುವುದು ಈ ಮಡುಗಳಲ್ಲಿ. ಮುಂಗಾರು ಹಿಡಿದೊಡನೆ ಮೇಲಕ್ಕೇರಿ ಮೊಟ್ಟೆಯಿಡುವ ಮೀನುಗಳ ಬೀಜಸಂಪತ್ತು ಬೇಸಿಗೆಯುದ್ದಕ್ಕೂ ಅಡಗಿ ಕುಳಿತಿರುವುದು ಅಲ್ಲಿಯೇ. ನೀರುನಾಯಿ ಆಹಾರಕ್ಕೆ ಬರುವುದೂ ಅಲ್ಲಿಗೇ. ಒಂದು ಮಡುವಿಗೆ ತೋಟೆ ಸಿಡಿಸಿದರೆ ಸಾಯುವುದು ಅಂದಿನ ಮೀನಷ್ಟೇ ಅಲ್ಲ, ಮುಂದಿನ ವರ್ಷಗಳ ಹೊಳೆ.

ಶೃಂಗೇರಿಯಲ್ಲಿ ತುಂಗೆಯ ಸೋಪಾನದ ಬಳಿ ಮಂಡಕ್ಕಿಗೆ ಮುತ್ತುವ ಮೀನುಗಳನ್ನು ಕಂಡು ಬೆರಗಾಗುವ ಪ್ರವಾಸಿಗರು, ಅವು ಅಷ್ಟು ದೊಡ್ಡದಾಗಿ ಬೆಳೆಯಲು ಎಷ್ಟು ತಲೆಮಾರುಗಳ ಜನ ಬಲೆ ಬೀಸದೆ ಇದ್ದರೆಂಬುದನ್ನು ಯೋಚಿಸುವುದಿಲ್ಲ. ತೀರ್ಥಹಳ್ಳಿಯ ಸಮೀಪದ ಚಿಪ್ಪಲಗುಡ್ಡೆ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲ, ಎಲ್ಲವೂ ಇಂತಹ ಸಂಯಮದ ಫಲ. ಆ ಸಂಯಮ ಇಲ್ಲದವರು ಏನು ಮಾಡಬಲ್ಲರೆಂಬುದಕ್ಕೂ ಶಿಶಿಲವೇ ಸಾಕ್ಷಿ. 1996ರಲ್ಲಿ ಅಲ್ಲಿ ಕಪಿಲಾ ಹೊಳೆಗೆ ವಿಷ ಬೆರೆಸಲಾಯಿತು. ದೇವರ ಮೀನುಗಳು ಸಾವಿರಗಳ ಲೆಕ್ಕದಲ್ಲಿ ಸತ್ತು ತೇಲಿದವು. ಊರವರು ಸತ್ತ ಮೀನುಗಳಿಗೆ ಸ್ಮಾರಕ ಕಟ್ಟಿದರು.

ಹಳೆಯ ಭಯವೆಲ್ಲವೂ ಒಳ್ಳೆಯದಾಗಿತ್ತೆಂದು ಇದರ ಅರ್ಥವಲ್ಲ. ನೀರಿನ ಹೆದರಿಕೆ ಹೆಣ್ಣುಮಕ್ಕಳನ್ನು ಈಜಿನಿಂದ ದೂರವಿಟ್ಟಿತು; ಕೊಡ ಹೊತ್ತು ದಿನವೂ ದಂಡೆಗೆ ಹೋದವರು ಅವರೇ, ಕಾಲು ಜಾರಿದರೆ ಕೈ ಬಡಿಯಲು ಬಾರದವರೂ ಅವರೇ. ಮುಟ್ಟು, ಮೈಲಿಗೆ, ಜಾತಿಗಳ ಹೆಸರಿನಲ್ಲಿ ಇಂತಹವರು ಈ ಕಡವಿಗೆ ಇಳಿಯಬಾರದೆಂಬ ಕಟ್ಟುಪಾಡುಗಳೂ ಇದೇ ಭಯದ ಮುಸುಕಿನಲ್ಲಿ ನಡೆದವು. ಅವು ಹೋದದ್ದು ಒಳ್ಳೆಯದೇ. ಇನ್ನೂ ಹೋಗದಿದ್ದಲ್ಲಿ ಹೋಗಬೇಕು. ಆದರೆ ಹೊಲಸು ನೀರನ್ನು ಚೆಲ್ಲುವ ಭರದಲ್ಲಿ ಕೊಡವನ್ನೇ ಬಾವಿಗೆಸೆದಂತೆ, ನದಿಯ ಮುಂದೆ ಮನುಷ್ಯ ತಗ್ಗಿ ನಿಲ್ಲಬೇಕೆಂಬ ಅರಿವನ್ನೂ ಜೊತೆಗೆ ಎಸೆಯಲಾಯಿತು.

ಆ ಅರಿವನ್ನು ಎಸೆದ ಮೇಲೆ ಬಂದದ್ದು ಇನ್ನೊಂದು ಬಗೆಯ ಆಳವಾದ ನೀರು. ಶರಾವತಿಗೆ ಅಡ್ಡಲಾಗಿ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. ಸುಮಾರು 151 ಟಿಎಂಸಿ ನೀರು ನಿಲ್ಲುವ ಈ ಜಲಾಶಯದ ಗರಿಷ್ಠ ಮಟ್ಟ 1819 ಅಡಿ. ಪ್ರತಿ ಮಳೆಗಾಲದಲ್ಲಿ ಪತ್ರಿಕೆಗಳು ಆ ಅಂಕಿಯತ್ತ ನೀರು ಎಷ್ಟು ಏರಿತೆಂದು ಉತ್ಸಾಹದಿಂದ ಪ್ರಕಟಿಸುತ್ತವೆ. ಆ ನೀರಿನಡಿಯಲ್ಲಿ ಗದ್ದೆ, ಅಡಿಕೆ ತೋಟ, ದೇವಸ್ಥಾನ, ಸ್ಮಶಾನ ಎಲ್ಲವೂ ಇವೆ. ಸಾವಿರಾರು ಕುಟುಂಬಗಳು ಬೇರು ಕಿತ್ತು ಹೊರಟವು. ಅವುಗಳಲ್ಲಿ ಅನೇಕರ ಮಕ್ಕಳು, ಮೊಮ್ಮಕ್ಕಳು ಆರು ದಶಕಗಳ ನಂತರವೂ ಉಳುವ ಭೂಮಿಯ ಹಕ್ಕುಪತ್ರಕ್ಕಾಗಿ ಕಚೇರಿಗಳನ್ನು ಅಲೆದಿದ್ದಾರೆ. ಕರೂರು, ಬಾರಂಗಿ ಹೋಬಳಿಗಳ ಜನ ಹಿನ್ನೀರಿನ ಆಚೆ ದ್ವೀಪವಾಸಿಗಳಂತೆ ಉಳಿದರು. ನಾ. ಡಿಸೋಜರ ‘ದ್ವೀಪ’ ಹುಟ್ಟಿದ್ದು ಈ ಸಂಕಟದಿಂದ. 2002ರಲ್ಲಿ ಗಿರೀಶ ಕಾಸರವಳ್ಳಿಯವರು ಅದನ್ನು ತೆರೆಗೆ ತಂದ ಮೇಲಾದರೂ ಬಯಲುಸೀಮೆಯ ಕೆಲವರಿಗೆ ತಮ್ಮ ಮನೆಯ ದೀಪ ಯಾರ ಮನೆಯನ್ನು ಮುಳುಗಿಸಿ ಉರಿಯುತ್ತಿದೆಯೆಂದು ತಿಳಿದೀತು. ದಶಕಗಳ ಕಾಲ ಹೆರಿಗೆ ನೋವಿನ ಹೆಂಗಸೂ ಹಾವು ಕಚ್ಚಿದ ಕೂಲಿಯೂ ಲಾಂಚಿಗಾಗಿ ಕಾದರು. ಸಿಗಂದೂರು ಮಾರ್ಗದ ಸೇತುವೆ ಬಳಕೆಗೆ ತೆರೆದದ್ದು 2025ರ ಜುಲೈಯಲ್ಲಿ.

ಮಡುವಿನ ಆಳದಲ್ಲಿ ಜೀವವಿತ್ತು. ಜಲಾಶಯದ ಆಳ ಹಾಗಲ್ಲ. ಬಿಸಿಲಿಗೆ ಮೇಲ್ಪದರ ಕಾದು ತಳದ ತಣ್ಣನೆಯ ನೀರು ಕಲಕದೆ ನಿಂತಾಗ ಅಲ್ಲಿ ಆಮ್ಲಜನಕ ಕುಸಿಯುತ್ತದೆ. ಮುಳುಗಿದ ಮರಗಿಡಗಳು ಕೊಳೆತು ಮೀಥೇನ್ ಮೇಲೇಳುತ್ತದೆ. ನೀರು ತಗ್ಗಿದ ಬೇಸಿಗೆಗಳಲ್ಲಿ ಹಿನ್ನೀರಿನ ಕೆಸರಿನ ನಡುವೆ ಅಂದು ಮುಳುಗಿದ ಕಾಡಿನ ಬೊಡ್ಡೆಗಳು ಕಪ್ಪಗೆ ತಲೆಯೆತ್ತುತ್ತವೆ. ಅವುಗಳೊಂದಿಗೆ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೂ ಕಾಣಿಸಿಕೊಳ್ಳುತ್ತದೆ. ಜೋಗದ ವಿದ್ಯುದಾಗಾರಕ್ಕಾಗಿ 1940ರ ದಶಕದಲ್ಲಿ ಕಟ್ಟಿದ ಆ ಅಣೆಕಟ್ಟು ಎರಡು ದಶಕ ತುಂಬುವ ಮೊದಲೇ ಲಿಂಗನಮಕ್ಕಿಯ ನೀರಿನಲ್ಲಿ ಮುಳುಗಿತು. ಅಣೆಕಟ್ಟನ್ನೇ ನುಂಗಿದ ಅಣೆಕಟ್ಟು! ಅದರ ಸೈಫನ್‌ಗಳ ಮುಂದೆ ಸಾಲಾಗಿ ನಿಂತು ಚಿತ್ರ ತೆಗೆಸಿಕೊಳ್ಳುವವರಿಗೆ ಕಾಲಡಿಯ ಬಿರುಕುಬಿಟ್ಟ ನೆಲ ಯಾರದೋ ಮಕ್ಕಿಗದ್ದೆಯಾಗಿತ್ತೆಂಬ ನೆನಪು ಬರುವುದಿಲ್ಲ.

ಆಳದ ಮೋಹ ಹೊಸದೇನಲ್ಲ. ಹಳೆಯ ಗೆಜೆಟಿಯರಿನಲ್ಲಿ ದಾಖಲಾಗಿರುವಂತೆ 1856ರಲ್ಲಿ ಇಬ್ಬರು ನೌಕಾಧಿಕಾರಿಗಳು ಜೋಗದ ಕಮರಿಯನ್ನು ಅಳೆದರು: ಧಾರೆಯ ಎತ್ತರ 829 ಅಡಿ, ಬುಡದ ಮಡುವಿನ ಆಳ 132 ಅಡಿ. ಅವರು ಅಳೆದರು, ಬೆರಗಾದರು, ಹೊರಟುಹೋದರು. ಅನಂತರ ಬಂದವರು ಅಳೆದದ್ದನ್ನೆಲ್ಲ ಮೆಗಾವಾಟಿಗೆ ಪರಿವರ್ತಿಸಿದರು. ಇಂದು ಜೋಗ ತುಂಬಿ ಧುಮುಕುವುದು ಮಳೆಗಾಲದಲ್ಲಿ. ಉಳಿದ ದಿನಗಳಲ್ಲಿ ಆ ಮಡುವಿಗೆ ಬೀಳುವುದು ಉಳಿಕೆಯ ನೀರು.

ಪ್ರವಾಸೋದ್ಯಮವೆಂಬ ಹೆಸರಿನ ಮೋಹ ಇನ್ನೂ ಅಗ್ಗದ್ದು. ಕೊಲ್ಲೂರಿನ ಬಳಿಯ ಅರಶಿನಗುಂಡಿ ಜಲಪಾತದಲ್ಲಿ 2023ರ ಜುಲೈಯಲ್ಲಿ ಒಬ್ಬ ಯುವಕ ತುಂಬಿದ ಧಾರೆಯ ಅಂಚಿನ ಬಂಡೆಯ ಮೇಲೆ ನಿಂತಿದ್ದಾಗ ಕಾಲು ಜಾರಿ ಹೋದ. ಜೊತೆಗಿದ್ದವರು ಮೊಬೈಲಿನಲ್ಲಿ ಚಿತ್ರೀಕರಿಸುತ್ತಿದ್ದರು. ಆ ಚಿತ್ರಣವನ್ನು ನಾಡಿನಾದ್ಯಂತ ಜನ ಮತ್ತೆ ಮತ್ತೆ ನೋಡಿದರು. ಸತ್ತವನನ್ನು ದೂಷಿಸುವುದು ಸುಲಭ, ಮತ್ತು ಹೇಡಿತನ. ಜಾಗದ ಹೆಸರಿನಲ್ಲಿಯೇ ‘ಗುಂಡಿ’ ಎಂಬ ಎಚ್ಚರಿಕೆಯಿತ್ತು. ಅದನ್ನು ಓದಲು ಅವನಿಗೆ ಕಲಿಸಿದವರು ಯಾರು? ಮಳೆಗಾಲದ ಜಲಪಾತವನ್ನು ಮೋಜಿನ ತಾಣವಾಗಿ ಮಾರಿದವರಾರೂ ಅಬ್ಬಿಯ ಬುಡದ ನೀರು ಸುಳಿದು ಒಳಕ್ಕೆಳೆಯುತ್ತದೆಂದು, ಮೇಲಿನ ಕಾಡಿನಲ್ಲಿ ಸುರಿದ ಮಳೆ ಬಿಸಿಲು ಕಾಯುತ್ತಿರುವ ದಂಡೆಯಲ್ಲಿ ನಿಮಿಷಗಳಲ್ಲಿ ನೀರೇರಿಸಬಲ್ಲುದೆಂದು ಹೇಳಲಿಲ್ಲ. ತಿಳಿನೀರು ಕಣ್ಣಿಗೆ ಮೋಸ ಮಾಡುತ್ತದೆ. ಬೆಳಕು ಬಾಗುವುದರಿಂದ ಹನ್ನೆರಡು ಅಡಿಯ ಮಡು ನೇರ ಮೇಲಿನಿಂದ ನೋಡುವವರಿಗೆ ಒಂಬತ್ತು ಅಡಿಯಂತೆ ತೋರುತ್ತದೆ. ಇದನ್ನು ವಿದ್ಯಾರ್ಥಿಗಳು ಭೌತಶಾಸ್ತ್ರದ ಪರೀಕ್ಷೆಗಾಗಿ ಓದಿರುತ್ತಾರೆ. ದಂಡೆಯಲ್ಲಿ ನಿಂತಾಗ ಅದು ನೆನಪಿಗೆ ಬಾರದಂತಹ ಶಿಕ್ಷಣದಲ್ಲಿ ಏನೋ ಕೊರತೆಯಿದೆ.

ಇವೆಲ್ಲಕ್ಕಿಂತ ದುಬಾರಿಯಾದ ಮೋಹ ಈಗ ಶರಾವತಿ ಕಣಿವೆಯ ಬಾಗಿಲಲ್ಲಿ ನಿಂತಿದೆ. 2000 ಮೆಗಾವಾಟ್ ಸಾಮರ್ಥ್ಯದ ಭೂಗತ ಪಂಪ್ಡ್ ಸ್ಟೋರೇಜ್ ಯೋಜನೆಯಲ್ಲಿ ಕೆಳಗಿನ ಗೇರುಸೊಪ್ಪೆ ಜಲಾಶಯದ ನೀರನ್ನು ನಾನೂರು ಮೀಟರಿಗೂ ಹೆಚ್ಚು ಎತ್ತರದ ತಳಕಳಲೆಗೆ ಎತ್ತಿ, ಬೇಡಿಕೆ ಹೆಚ್ಚಾದಾಗ ಮತ್ತೆ ಇಳಿಸುವುದು. ಎತ್ತಲು ತಗಲುವ ವಿದ್ಯುತ್ತಿಗಿಂತ ಇಳಿಸುವಾಗ ದೊರೆಯುವುದು ಕಡಿಮೆ. ಐದರಲ್ಲಿ ಒಂದು ಪಾಲಿನಷ್ಟಾದರೂ ನಷ್ಟ. ಇದಕ್ಕಾಗಿ ಬಗೆಯಬೇಕಾದದ್ದು 2019ರಲ್ಲಿ ಸರ್ಕಾರವೇ ಸಿಂಗಳೀಕಗಳ ಹೆಸರಿನಲ್ಲಿ ಘೋಷಿಸಿದ ಅಭಯಾರಣ್ಯದ ನೆಲ. ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ 2025ರಲ್ಲಿ ತಾತ್ವಿಕ ಒಪ್ಪಿಗೆ ನೀಡಿತು. ಅದೇ ವರ್ಷದ ಸಾರ್ವಜನಿಕ ಅಹವಾಲು ಸಭೆಗಳಲ್ಲಿ ಕಣಿವೆಯ ಜನ ತಮ್ಮ ವಿರೋಧವನ್ನು ದಾಖಲಿಸಿದರು.

ಸೂರ್ಯ, ಗಾಳಿಗಳ ವಿದ್ಯುತ್ತನ್ನು ಕೂಡಿಡಲು ಇದು ಬೇಕು, ಹೊಸದಾಗಿ ಏನನ್ನೂ ಮುಳುಗಿಸುವುದಿಲ್ಲ, ಇರುವ ನೀರನ್ನೇ ಬಳಸುತ್ತೇವೆ ಎಂಬುದು ಯೋಜನೆಯ ಪರವಾದವರ ಮಾತು. ವಿದ್ಯುತ್ತನ್ನು ಕೂಡಿಡುವ ಅಗತ್ಯವನ್ನು ಯಾರೂ ಅಲ್ಲಗಳೆಯುತ್ತಿಲ್ಲ. ಆದರೆ 128 ಕಿಲೋಮೀಟರ್ ಉದ್ದದ ಈ ಪುಟ್ಟ ನದಿಯೊಂದರ ಮೇಲೆಯೇ ಮಹಾತ್ಮ ಗಾಂಧಿ ವಿದ್ಯುದಾಗಾರ, 1035 ಮೆಗಾವಾಟಿನ ಶರಾವತಿ ವಿದ್ಯುದಾಗಾರ, ಲಿಂಗನಮಕ್ಕಿಯ 55, ಗೇರುಸೊಪ್ಪೆಯ 240 ಮೆಗಾವಾಟ್ ಎಲ್ಲವನ್ನೂ ಹೇರಿದ ಮೇಲೆ ಮತ್ತೆ ಇದೇ ಕಣಿವೆ ಏಕೆ? ‘ಇರುವ ನೀರು’ ಎಂಬ ಮಾತನ್ನು ಒಮ್ಮೆ ಹೊನ್ನಾವರದ ಅಳಿವೆಯಲ್ಲಿ ನಿಂತು ಹೇಳಬೇಕು. ಯಂತ್ರಗಳಿಂದ ವರ್ಷವಿಡೀ ಬಿಡುವ ಸಿಹಿನೀರಿನಿಂದ ಅಲ್ಲಿನ ಉಪ್ಪಿನಂಶ ತಗ್ಗಿ, ಚಿಪ್ಪಿನ ಮೀನುಗಳನ್ನು ಆರಿಸಿ ಬದುಕುತ್ತಿದ್ದವರು ಕಸುಬು ಕಳೆದುಕೊಂಡರು. ಅಣೆಕಟ್ಟಿಲ್ಲದ ಪಕ್ಕದ ಅಘನಾಶಿನಿಯ ಅಳಿವೆಯಲ್ಲಿ ಆ ಕಸುಬು ಉಳಿದಿದೆ. ಸೌಟು ಬಚ್ಚಿಟ್ಟವರು ಇದಕ್ಕಿಂತ ಪ್ರಾಮಾಣಿಕರು. ಅವರು ಒಂದಕ್ಕೇ ನಿಲ್ಲಿಸಿದರು.

ಯೋಜನಾ ವರದಿಗಳಿಗೆ ಸಾವಿರಾರು ಪುಟಗಳಿರಬಹುದು, ಆದರೆ ಊರಿನವರು ಕರೆಯುವ ಹೆಸರಿನಲ್ಲಿ ಮಡುಗಳ ಪಟ್ಟಿಯನ್ನು ಊರಿನವರಲ್ಲದೆ ಇನ್ನಾರೂ ಬರೆಯಲಾರರು. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಬಹಳಷ್ಟು ಕಡೆ ಅದು ಗುತ್ತಿಗೆದಾರರು ತುಂಬಿಸಿದ ಒಣ ಪುಸ್ತಕವಾಗಿ ಬೀರುವಿನಲ್ಲಿದೆ. ಅದನ್ನು ಹೊರತೆಗೆಸಿ, ತಮ್ಮ ಹೊಳೆಯ ಪ್ರತಿಯೊಂದು ಮಡುವಿನ ಹೆಸರು, ಅಲ್ಲಿನ ಮೀನುಗಳು, ಅದರ ಕಥೆ, ಅಲ್ಲಿ ಬಲೆ ಬೀಸಬಾರದೆಂಬ ಹಳೆಯ ಕಟ್ಟಳೆ, ಎಂದಾದರೂ ತೋಟೆ ಸಿಡಿದಿದ್ದರೆ ಅದರ ವಿವರ, ಎಲ್ಲವನ್ನೂ ಬರೆಸುವಂತೆ ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸುವುದು ಸಾಧ್ಯ. ಕಾಲೇಜಿನ ವಿದ್ಯಾರ್ಥಿಗಳು ಹಿರಿಯರನ್ನು ಜೊತೆಗಿಟ್ಟುಕೊಂಡು, ನೀರು ಇಳಿದ ಏಪ್ರಿಲ್ ತಿಂಗಳಿನಲ್ಲಿ ಹಗ್ಗಕ್ಕೆ ಕಲ್ಲು ಕಟ್ಟಿ ಆಳವನ್ನೂ ಅಳೆದು ಬರೆಯಬಹುದು. ಈಜು ಬಾರದವರು ದಂಡೆಯ ಮೇಲಿರಬೇಕು. ಹಗ್ಗ ಎಲ್ಲಿಯಾದರೂ ತಳ ಮುಟ್ಟದಿದ್ದರೆ ಹಾಗೆಂದೇ ದಾಖಲಿಸಬೇಕು.