ಗೃಹವಿಚಾರ: ಹಳೆಯ ಧ್ವನಿವರ್ಧಕಕ್ಕೆ ತಕ್ಕ ಸ್ಥಾನ

ಮನೆಗೆ ಹೊಸ ಪದಾರ್ಥವೊಂದು ಬಂದರೆ ಅದಕ್ಕೆ ಯೋಗ್ಯವಾದ ಸ್ಥಳವನ್ನು ಹುಡುಕುವುದು ಗೃಹಸ್ಥರ ವಾಡಿಕೆ. ಹಳೆಯ ಪದಾರ್ಥವು ಬಂದರೆ ಮಾತ್ರ, ಯಾವ ಮೂಲೆ ತೆರಪಾಗಿರುವುದೋ ಅದೇ ಅದರ ಸ್ಥಾನವೆಂದು ನಾವೆಲ್ಲರೂ ತಿಳಿಯುವೆವು. ಈ ತಪ್ಪನ್ನು ನಾವೂ ಮಾಡಿದೆವಾದಕಾರಣ, ಅದರಿಂದ ಕಲಿತ ಪಾಠವನ್ನು ಈ ತಿಂಗಳು ವಾಚಕ ಮಹಾಶಯರ ಮುಂದಿಡುತ್ತೇವೆ. ಹಿಂದಿನ ಕಾಲದ ಉತ್ತಮ ಧ್ವನಿವರ್ಧಕಗಳು ಕೆಲವು ಮನೆಗಳಲ್ಲಿ ಅಟ್ಟದ ಮೇಲೋ ಮಂಚದ ಕೆಳಗೋ ಧೂಳು ಹಿಡಿದು ಕುಳಿತಿರುವುವು. ಅವನ್ನು ಮಾರುವ ಮೊದಲು ಈ ನಾಲ್ಕು ಮಾತುಗಳನ್ನು ಓದಿದರೆ ನಷ್ಟವಾಗದು.

ನಮ್ಮ ಅಣ್ಣನವರು 1970ರಲ್ಲಿ ವ್ಯಾಸಂಗಕ್ಕಾಗಿ ಅಮೆರಿಕಕ್ಕೆ ಹೋಗಿದ್ದರು. ಅಲ್ಲಿ ಊಟತಿಂಡಿಯಲ್ಲಿ ಮಿಗಿಸಿದ ಹಣದಿಂದ ಅಕೌಸ್ಟಿಕ್ ರಿಸರ್ಚ್ ಸಂಸ್ಥೆಯ ಏ.ಆರ್.-3ಎ ಎಂಬ ಧ್ವನಿವರ್ಧಕಗಳ ಜೊತೆಯೊಂದನ್ನು ಕೊಂಡು, ಹಿಂದಿರುಗುವಾಗ ಮೈಸೂರಿಗೆ ತಂದರು. ಒಂದೊಂದು ಪೆಟ್ಟಿಗೆಯ ತೂಕ 53 ಪೌಂಡು, ಎಂದರೆ ಸುಮಾರು 24 ಕಿಲೋ. ಅಣ್ಣನವರು ತೀರಿಕೊಂಡ ಮೇಲೆ ಅತ್ತಿಗೆಯವರು, “ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತೆ, ನೀವೇ ಇಟ್ಟುಕೊಳ್ಳಿ” ಎಂದು ಅವನ್ನು ನಮಗೆ ಒಪ್ಪಿಸಿದರು. ನಾವು ನಡುಮನೆಯ ಎರಡು ಮೂಲೆಗಳಲ್ಲಿ ನೆಲದ ಮೇಲೆ ಅವನ್ನು ಇಟ್ಟು, ಮೇಲೊಂದೊಂದು ಹೂದಾನಿಯನ್ನೂ ಇಟ್ಟೆವು. ಎರಡು ವರ್ಷ ಅವು ಹೂದಾನಿಯ ಪೀಠವಾಗಿಯೇ ಇದ್ದುವು.

ಹೋದ ದಸರೆಗೆ ನಮ್ಮ ಅಕ್ಕನವರು ಬಂದರು. ಅವರಿಗೆ ಈಗ 81 ವಯಸ್ಸು. ಅವರ ಚೀಲದಲ್ಲಿ ಒಂದು ಕ್ಯಾಸೆಟ್ ಇತ್ತು. 1981ರಲ್ಲಿ ಅಣ್ಣನವರು ಮನೆಯ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದ ನಮ್ಮ ತಾಯಿಯವರ ಹಸೆಯ ಹಾಡುಗಳು ಅದರಲ್ಲಿದ್ದುವು. ತಾಯಿಯವರ ಧ್ವನಿಯೆಂದು ಈ ಲೋಕದಲ್ಲಿ ಉಳಿದಿರುವುದು ಅದೊಂದೇ. ಮನೆಯವರೆಲ್ಲರೂ ಕುಳಿತು ಕೇಳಿದೆವು. ಎರಡು ನುಡಿ ಮುಗಿಯುವುದರೊಳಗೆ ಅಕ್ಕನವರ ಮುಖ ಬಾಡಿತು. “ಇದು ಅಮ್ಮನ ಗಂಟಲಲ್ಲ ಕಣಪ್ಪ. ಕಂಬಳಿ ಮುಸುಕು ಹಾಕಿಕೊಂಡು ಯಾರೋ ಹಾಡಿದ ಹಾಗಿದೆ. ಅಮ್ಮನ ಧ್ವನಿ ಹೇಗಿತ್ತು ಅಂತ ಹೇಳೋಕೆ ಈಗ ಉಳಿದಿರೋಳು ನಾನೊಬ್ಬಳೇ” ಎಂದರು. ನಾವು ಮನೆಗೆ ಕಿರಿಯರು. ಊರು ಬಿಟ್ಟು ಓದಿದವರು. ತಾಯಿಯವರ ಹಾಡನ್ನು ಹತ್ತಿರದಿಂದ ಕೇಳಿದ್ದು ಅಲ್ಪ. ಆದಕಾರಣ ಆ ಮಾತು ನಮ್ಮನ್ನು ನಾಟಿತು.

ಪೇಟೆಯ ಅಂಗಡಿಯವರೊಬ್ಬರನ್ನು ವಿಚಾರಿಸಲಾಗಿ, “ಒಳಗಿನ ಸಾಮಾನನ್ನೆಲ್ಲ ಕಿತ್ತು ಹೊಸದು ಹಾಕಿಸಿ” ಎಂದರು. ಹಾಗೆ ಮಾಡಿದ್ದರೆ ಪೆಟ್ಟಿಗೆ ಅಣ್ಣನವರದು, ಧ್ವನಿ ಮತ್ತಾರದೋ ಆಗುತ್ತಿದ್ದಿತು. ದೋಷವು ಎಲ್ಲಿರುವುದೆಂದು ತಿಳಿಯದೆ ಚಿಕಿತ್ಸೆ ಮಾಡಬಾರದೆಂದು ನಿಶ್ಚಯಿಸಿ, ಈ ಯಂತ್ರದ ಪೂರ್ವವೃತ್ತಾಂತವನ್ನು ಮೊದಲು ತಿಳಿದುಕೊಂಡೆವು.

ಎಡ್ಗರ್ ವಿಲ್ಚರ್ ಎಂಬವರು ಹೆನ್ರಿ ಕ್ಲಾಸ್ ಎಂಬವರೊಡಗೂಡಿ 1954ರಲ್ಲಿ ಅಮೆರಿಕದ ಮಸಾಚುಸೆಟ್ಸ್ ಪ್ರಾಂತದ ಕೇಂಬ್ರಿಜ್ ನಗರದಲ್ಲಿ ಈ ಸಂಸ್ಥೆಯನ್ನು ಸ್ಥಾಪಿಸಿದರು. ಅದಕ್ಕೆ ಮುಂಚೆ ಮಂದ್ರಸ್ವರವು ಚೆನ್ನಾಗಿ ಕೇಳಬೇಕಾದರೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಬೇಕಾಗಿದ್ದಿತು. ವಿಲ್ಚರರು ಚಿಕ್ಕ ಪೆಟ್ಟಿಗೆಯನ್ನು ಗಾಳಿ ಹೊರಹೋಗದಂತೆ ಭದ್ರವಾಗಿ ಮುಚ್ಚಿ, ಒಳಗೆ ಸಿಕ್ಕಿಕೊಂಡ ಗಾಳಿಯನ್ನೇ ಸ್ಪ್ರಿಂಗಿನಂತೆ ಉಪಯೋಗಿಸಿದರು. ಕಾಗದದ ಶಂಕು ಒಳಕ್ಕೆ ಸರಿದಾಗ ಗಾಳಿಯು ಅದನ್ನು ಹಿಂದಕ್ಕೆ ನೂಕುವುದು. ಹೊರಕ್ಕೆ ಸರಿದಾಗ ಎಳೆದುಕೊಳ್ಳುವುದು. 1958ರ ಏ.ಆರ್.-3ರಲ್ಲಿ ಮಧ್ಯ ಮತ್ತು ತಾರ ಸ್ವರಗಳಿಗೆ ಗುಮ್ಮಟಾಕಾರದ ಚಿಕ್ಕ ಸ್ಪೀಕರುಗಳು ಬಂದುವು. ಅದರ ತಮ್ಮನಾದ 3ಎ ಹುಟ್ಟಿದುದು 1967ರಲ್ಲಿ. ಇದರಲ್ಲಿ ಸೆಕೆಂಡಿಗೆ 575 ಕಂಪನಗಳವರೆಗಿನ ಮಂದ್ರವನ್ನು 12 ಅಂಗುಲದ ಶಂಕುವೂ, ಅಲ್ಲಿಂದ 5000 ಕಂಪನಗಳವರೆಗೆ ಒಂದೂವರೆ ಅಂಗುಲದ ಗುಮ್ಮಟವೂ, ಅದರ ಮೇಲಿನದನ್ನು ಮುಕ್ಕಾಲು ಅಂಗುಲದ ಪುಟ್ಟ ಗುಮ್ಮಟವೂ ನುಡಿಸುವುವು.

ವಿಲ್ಚರರು ತಮ್ಮ ಯಂತ್ರವನ್ನು ಪರೀಕ್ಷಿಸಿದ ಕ್ರಮವು ಗೃಹಸ್ಥರಿಗೂ ಬೋಧಪ್ರದವಾದುದು. 1960ರ ಆಸುಪಾಸಿನಲ್ಲಿ ಫೈನ್ ಆರ್ಟ್ಸ್ ಕ್ವಾರ್ಟೆಟ್ ಎಂಬ ನಾಲ್ವರು ತಂತಿವಾದ್ಯಗಾರರನ್ನು ಸಭೆಯಲ್ಲಿ ಕುಳ್ಳಿರಿಸಿ, ಅವರು ನುಡಿಸುತ್ತಿರುವಾಗ ನಡುನಡುವೆ ಬರಿದೆ ಕಮಾನನ್ನು ಆಡಿಸುವಂತೆ ಮಾಡಿ, ಮೊದಲೇ ಮುದ್ರಿಸಿದ್ದ ಅವರದೇ ವಾದನವನ್ನು ಏ.ಆರ್.-3ರಿಂದ ಕೇಳಿಸುತ್ತಿದ್ದರು. ಮನುಷ್ಯನು ಬಿಟ್ಟುದೆಲ್ಲಿ, ಯಂತ್ರವು ಹಿಡಿದುದೆಲ್ಲಿ ಎಂಬುದನ್ನು ಸಭಿಕರಲ್ಲಿ ಅನೇಕರು ಗುರುತಿಸಲಾರದೆ ಹೋದರು. ಜೀವಂತ ಧ್ವನಿಯೇ ಅಳತೆಗೋಲು ಎಂಬುದು ಇದರ ತಾತ್ಪರ್ಯ. ಇದನ್ನು ಓದಿದೊಡನೆ ನಮಗೆ ಅಕ್ಕನವರ ಮಾತು ನೆನಪಾಯಿತು. ನಮ್ಮ ಅಳತೆಗೋಲು ಮನೆಯಲ್ಲಿಯೇ ಇದ್ದಿತು. ಅದಕ್ಕೆ ಯಂತ್ರವನ್ನು ಹೊಂದಿಸುವ ಕೆಲಸವೊಂದೇ ಉಳಿದುದು.

ಮೊದಲು ದೇಹಪರೀಕ್ಷೆ. ಜಾಳಿಗೆಯ ಬಟ್ಟೆಯನ್ನು ತೆಗೆದು ನೋಡಲು, ದೊಡ್ಡ ಶಂಕುವಿನ ಅಂಚಿನ ಫೋಮ್ ಉಂಗುರವು ಮುಟ್ಟಿದರೆ ಪುಡಿಯಾಗುವಂತಿದ್ದಿತು. ಈ ವಸ್ತುವು ಕಾಲಾಂತರದಲ್ಲಿ ತಾನೇ ಜೀರ್ಣವಾಗುವ ಸ್ವಭಾವದ್ದು. ಬಳಸಿದರೂ ಬಳಸದಿದ್ದರೂ ಅದರ ಗತಿ ಅದೇ. ಉಂಗುರವನ್ನು ಮಾತ್ರ ಹೊಸದಾಗಿ ಅಂಟಿಸಬಹುದು, ಶಂಕುವನ್ನು ಬದಲಾಯಿಸಬೇಕಾದುದಿಲ್ಲ. ಅಂಟಿಸಿ ಮುಚ್ಚಿದ ಬಳಿಕ ಶಂಕುವನ್ನು ಮೂರು ಬೆರಳಿನಿಂದ ಮೆಲ್ಲನೆ ಒತ್ತಿ ಬಿಟ್ಟು ನೋಡಬೇಕು. ನಿಧಾನವಾಗಿ ಮರಳಿದರೆ ಪೆಟ್ಟಿಗೆ ಭದ್ರವಾಗಿದೆ. ತಟಕ್ಕನೆ ಮರಳಿದರೆ ಎಲ್ಲಿಯೋ ಗಾಳಿ ಸೋರುತ್ತಿದೆಯೆಂದು ತಿಳಿಯತಕ್ಕುದು. ಚಿಕ್ಕ ಗುಮ್ಮಟಗಳನ್ನು ಮಾತ್ರ ಕೈಯಿಂದ ಮುಟ್ಟಲಾಗದು.

ಪೆಟ್ಟಿಗೆಯ ಹಿಂದೆ ಎರಡು ತಿರುಗುಗುಂಡಿಗಳಿರುವುವು. ಒಂದು ಮಧ್ಯಕ್ಕೆ, ಒಂದು ತಾರಕ್ಕೆ. ಕಂಬಳಿಯ ಮುಸುಕು ಇದ್ದುದು ಇಲ್ಲಿಯೇ. ಅರ್ಧ ಶತಮಾನದ ತೇವದಿಂದ ಒಳಗಿನ ಲೋಹಕ್ಕೆ ಕಿಲುಬು ಹತ್ತಿ, ತಾರವು ಒಂದು ಪೆಟ್ಟಿಗೆಯಲ್ಲಿ ಪೂರ್ತಿಯಾಗಿಯೂ ಇನ್ನೊಂದರಲ್ಲಿ ಮುಕ್ಕಾಲು ಪಾಲೂ ನಿಂತುಹೋಗಿದ್ದಿತು. ಎರಡು ವರ್ಷ ಒದ್ದೆಗೋಡೆಯ ಮೂಲೆಯಲ್ಲಿಟ್ಟು ಹೂದಾನಿಗೆ ನೀರು ಹೊಯ್ದ ನಮ್ಮ ಪಾಲೂ ಇದರಲ್ಲಿ ಉಂಟು. ಇಂತಹ ಸಂದರ್ಭದಲ್ಲಿ ಆಂಪ್ಲಿಫೈಯರನ್ನು ನಿಲ್ಲಿಸಿ, ಗುಂಡಿಯನ್ನು ಎರಡು ಕಡೆಗೂ ಇಪ್ಪತ್ತು ಮೂವತ್ತು ಬಾರಿ ತಿರುಗಿಸಿದರೆ ಕೆಲವು ವೇಳೆ ಕಿಲುಬು ಒರಸಿಹೋಗುವುದು. ಹೋಗದಿದ್ದರೆ ಬಲ್ಲವರಿಂದ ಬಿಚ್ಚಿಸಿ ಶುದ್ಧಮಾಡಿಸಬೇಕು. ಆಗಲೇ ಒಳಗಿನ ಕೆಪ್ಯಾಸಿಟರುಗಳನ್ನೂ ಅಳೆಯಿಸುವುದು ಲೇಸು. ನಮಗಾದ ವೆಚ್ಚವು ಅಂಗಡಿಯವರು ಹೇಳಿದುದರ ಕಾಲುಭಾಗವೂ ಆಗಲಿಲ್ಲ.

ತಂತಿಯ ವಿಷಯದಲ್ಲಿ ಎಚ್ಚರವಿರಬೇಕು. ಹಿಂದುಗಡೆ 1, 2 ಮತ್ತು ಟಿ ಎಂಬ ಮೂರು ತಿರುಪುಗಳುಂಟು. 2ನ್ನೂ ಟಿಯನ್ನೂ ಕೂಡಿಸುವ ಲೋಹದ ಪಟ್ಟಿ ಕಳೆದುಹೋಗಿದ್ದರೆ ಮೇಲಿನ ಸ್ವರಗಳು ಮೌನವಾಗುವುವು. ಆಂಪ್ಲಿಫೈಯರಿನ ಕೆಂಪು ತುದಿಯು ಎರಡು ಪೆಟ್ಟಿಗೆಗಳಲ್ಲಿಯೂ ಒಂದೇ ಅಂಕಿಯ ತಿರುಪಿಗೆ ಹೋಗಬೇಕು. ಒಂದರಲ್ಲಿ ಅದಲುಬದಲಾದರೆ ಒಂದು ಶಂಕು ಮುಂದಕ್ಕೆ ಬರುವಾಗ ಇನ್ನೊಂದು ಹಿಂದಕ್ಕೆ ಸರಿದು, ಮಂದ್ರವು ಬಡವಾಗುವುದು. ಹಾಡುವವರು ಎಲ್ಲಿಯೂ ನಿಲ್ಲದೆ ಕೋಣೆಯಲ್ಲೆಲ್ಲ ಅಲೆಯುವರು. ಈ ಪೆಟ್ಟಿಗೆಗಳಿಗೆ ನಮ್ಮ 230 ವೋಲ್ಟಿನ ಭಯವಿಲ್ಲ, ಏಕೆಂದರೆ ಇವನ್ನು ಗೋಡೆಯ ವಿದ್ಯುತ್ತಿಗೆ ಜೋಡಿಸುವುದೇ ಇಲ್ಲ. ಆದರೆ ಇವು 4 ಓಮಿನವು. ಆಂಪ್ಲಿಫೈಯರು ಅಷ್ಟು ಭಾರವನ್ನು ತಾಳುವುದೇ ಎಂಬುದನ್ನು ಅದರ ಬೆನ್ನಿನ ಬರಹದಲ್ಲಿ ನೋಡಿಕೊಳ್ಳತಕ್ಕುದು.

ಇನ್ನು ಸ್ಥಾನದ ವಿಚಾರ. ಮೂಲೆಯೆಂದರೆ ಎರಡು ಗೋಡೆ ಮತ್ತು ನೆಲ ಕೂಡುವ ಸ್ಥಳ. ಈ ಮೂರೂ ಮಂದ್ರವನ್ನು ಹಿಂದಿರುಗಿಸಿ ಹೆಚ್ಚಿಸುವುದರಿಂದ ಧ್ವನಿಯು ಗುಡಾಣದೊಳಗಿಂದ ಬಂದಂತಾಗುವುದು. ಹಾಗೆಂದು ಗೋಡೆಯಿಂದ ಬಹುದೂರ ಕೋಣೆಯ ನಡುವೆ ನಿಲ್ಲಿಸುವುದೂ ಇವುಗಳಿಗೆ ಸಲ್ಲದು. ಈಗಿನ ಅನೇಕ ಸ್ಪೀಕರುಗಳಿಗೆ ಆ ಉಪದೇಶವು ಸರಿ. ಆದರೆ 3ಎಯನ್ನು ಪುಸ್ತಕದ ಕಪಾಟಿನಲ್ಲಿ, ಗೋಡೆಯ ಆಶ್ರಯದಲ್ಲಿ ಇಡುವುದಕ್ಕೆಂದೇ ರಚಿಸಿದುದು. ಗೋಡೆಯನ್ನು ಬಿಟ್ಟರೆ ಅದರ ಮಂದ್ರವು ತೆಳುವಾಗುವುದು. ಆದುದರಿಂದ ನಾವು ಉದ್ದಗೋಡೆಗೆ ಬೆನ್ನುಮಾಡಿ, ಪಕ್ಕದ ಗೋಡೆಗಳಿಂದ ಮೂರು ಮೂರು ಅಡಿ ಬಿಟ್ಟು, ಗಟ್ಟಿಯಾದ ಮರದ ಪೀಠಗಳ ಮೇಲೆ ಇಟ್ಟೆವು. ಕುಳಿತವರ ಕಿವಿಯ ಮಟ್ಟಕ್ಕೆ ಚಿಕ್ಕ ಗುಮ್ಮಟಗಳು ಬರಬೇಕು. ಚಾಪೆಯ ಮೇಲೆ ಕೂರುವ ಮನೆಗೂ ಕುರ್ಚಿಯ ಮೇಲೆ ಕೂರುವ ಮನೆಗೂ ಪೀಠದ ಎತ್ತರ ಒಂದೇ ಆಗಲಾರದು.

ಧ್ವನಿಯಲ್ಲಿ ಕೋಣೆಯ ಪಾಲು ಯಂತ್ರದ ಪಾಲಿಗಿಂತ ಕಡಮೆಯೇನಲ್ಲ. 15 ಅಡಿ ಉದ್ದದ ಕೋಣೆಯು ಸೆಕೆಂಡಿಗೆ ಸುಮಾರು 38 ಕಂಪನಗಳ ಮಂದ್ರವನ್ನು ತನ್ನದಾಗಿ ಹಿಡಿದು ಗುಂಯ್‌ಗುಡಿಸುವುದು. ಆ ಉದ್ದದ ಕೊನೆಯ ಗೋಡೆಗೆ ಒರಗಿ ಕುಳಿತವರಿಗೆ ಅದು ಮತ್ತಷ್ಟು ಹೆಚ್ಚು. ಆಸನವನ್ನು ಗೋಡೆಯಿಂದ ಎರಡಡಿ ಮುಂದಕ್ಕೆ ಎಳೆದರೆ ತುಸು ಗುಣವಾಗುವುದು. ನಮ್ಮ ಮನೆಗಳ ಬೋಳು ನೆಲ, ಗಾರೆಯ ಗೋಡೆ, ಕಿಟಕಿಯ ಗಾಜು ತಾರಸ್ವರವನ್ನು ಹಿಂದಕ್ಕೆ ಎಸೆಯುವುವು. ಒಮ್ಮೆ ಚಪ್ಪಾಳೆ ತಟ್ಟಿ ನೋಡಿರಿ. ಠಣ್ ಎಂಬ ಮರುದನಿ ಕೇಳಿದರೆ ಒಂದು ಜಮಖಾನೆಯನ್ನು ಹಾಸಿ, ಕಿಟಕಿಗೆ ದಪ್ಪ ಪರದೆಯನ್ನು ಎಳೆಯಿರಿ. ಷೋಕೇಸಿನ ಹಿತ್ತಾಳೆಯ ಬೊಂಬೆಗಳು ಮಂದ್ರಕ್ಕೆ ಝಣಝಣಿಸಿದರೆ ಅವುಗಳ ಅಡಿಗೆ ಬಟ್ಟೆಯ ತುಂಡನ್ನಿಡುವುದು ಗೃಹಿಣಿಯರಿಗೆ ನಿಮಿಷದ ಕೆಲಸ. ಇದರಲ್ಲಿ ಯಾವುದಕ್ಕೂ ಹಣ ಬೇಡ.

ಆಮೇಲೆ ಸಮತೋಲನ. ಪೆಟ್ಟಿಗೆಯಿಂದ ಪೆಟ್ಟಿಗೆಗೂ, ಪೆಟ್ಟಿಗೆಗಳಿಂದ ಆಸನಕ್ಕೂ ದಾರ ಹಿಡಿದು ಅಳೆದು, ಎರಡು ಪೆಟ್ಟಿಗೆಗಳೂ ಆಸನದಿಂದ ಸಮದೂರದಲ್ಲಿರುವಂತೆ ಮಾಡಬೇಕು. ಶಬ್ದವು ಸೆಕೆಂಡಿಗೆ ಸುಮಾರು 344 ಮೀಟರು ಸಾಗುವುದು. ಒಂದು ಪೆಟ್ಟಿಗೆ 34 ಸೆಂಟಿಮೀಟರು ಹತ್ತಿರವಾದರೆ ಅದರ ಶಬ್ದವು ಸೆಕೆಂಡಿನ ಸಾವಿರದಲ್ಲೊಂದು ಭಾಗ ಮುಂಚಿತವಾಗಿ ತಲುಪುವುದು. ಅಷ್ಟಕ್ಕೇ ಕಿವಿಯು ಹಾಡುವವರನ್ನು ಆ ಕಡೆಗೆ ಎಳೆದುಕೊಳ್ಳುವುದು. ಬಳಿಕ ಒಬ್ಬರ ಕಂಠ ಮಾತ್ರವಿರುವ ಮೋನೋ ಮುದ್ರಣವೊಂದನ್ನು ಹಾಕಬೇಕು. ಗಂಗೂಬಾಯಿ ಹಾನಗಲ್ (1913–2009) ಅವರ ಗಂಭೀರ ಕಂಠವು ಇದಕ್ಕೆ ಬಹಳ ಯೋಗ್ಯವಾದುದು: ಮಂದ್ರವು ಅತಿಯಾದರೆ ಅದು ಊದಿಕೊಳ್ಳುವುದು, ಕಡಮೆಯಾದರೆ ತನ್ನ ತೂಕವನ್ನು ಕಳೆದುಕೊಳ್ಳುವುದು. ತಾರಕ್ಕೆ ವೀಣೆ ದೊರೆಸ್ವಾಮಿ ಅಯ್ಯಂಗಾರ್ಯರ (1920–1997) ಮೀಟನ್ನು ಕೇಳಿರಿ: ಬೆರಳು ತಂತಿಯನ್ನು ಬಿಟ್ಟುದು ತಿಳಿಯಬೇಕು, ಕಿವಿಗೆ ಚುಚ್ಚಬಾರದು. ಧ್ವನಿಯು ಎರಡು ಪೆಟ್ಟಿಗೆಗಳ ನಟ್ಟನಡುವೆ ನಿಲ್ಲುವವರೆಗೆ ಆಂಪ್ಲಿಫೈಯರಿನ ಬ್ಯಾಲೆನ್ಸ್ ಗುಂಡಿಯನ್ನು ತಿದ್ದಿ, ಆಮೇಲೆಯೇ ಹಿಂದಿನ ಗುಂಡಿಗಳಿಗೆ ಕೈ ಹಾಕಬೇಕು. ಅವನ್ನು ಮೊದಲು ಎರಡು ಪೆಟ್ಟಿಗೆಗಳಲ್ಲಿಯೂ ಒಂದೇ ನೆಲೆಯಲ್ಲಿಟ್ಟು, ಕೂದಲೆಳೆಯಷ್ಟು ತಿರುಗಿಸಿ, ಐದು ನಿಮಿಷ ಕೇಳಿ, ಬೇಕಾದರೆ ಮತ್ತೆ ತಿರುಗಿಸುವುದು ಕ್ರಮ. ವಯಸ್ಸಾದವರ ಕಿವಿಗೆ ತಾರವು ಸಹಜವಾಗಿ ಕಡಮೆ ಕೇಳುವುದರಿಂದ, ಮನೆಯ ಎಳೆಯರೊಬ್ಬರನ್ನೂ ಜೊತೆಯಲ್ಲಿ ಕುಳ್ಳಿರಿಸಿಕೊಳ್ಳುವುದು ಒಳ್ಳೆಯದು.

ಸಂಕ್ರಾಂತಿಯ ಹೊತ್ತಿಗೆ ಇಷ್ಟೆಲ್ಲ ಮುಗಿಯಿತು. ಅಕ್ಕನವರನ್ನು ಕರೆಸಿದೆವು. ವಿಲ್ಚರರ ಪದ್ಧತಿಯಂತೆ ಅವರನ್ನೇ ಮೊದಲು ಆ ಎರಡು ಪೆಟ್ಟಿಗೆಗಳ ನಡುವೆ ಕುಳ್ಳಿರಿಸಿ, ತಾಯಿಯವರು ಹಾಡಿದ್ದ ಹಸೆಯ ಹಾಡನ್ನು ಒಂದು ನುಡಿ ಹಾಡಿರೆಂದು ಬೇಡಿದೆವು. ನಾಚಿಕೊಳ್ಳುತ್ತಲೇ ಹಾಡಿದರು. ಆ ಕೋಣೆಯಲ್ಲಿ ಮನುಷ್ಯಕಂಠವು ಹೇಗೆ ಕೇಳುವುದೆಂಬುದು ಆಗ ನಮಗೆ ಗೊತ್ತಾಯಿತು. ಬಳಿಕ ಅವರನ್ನು ಆಸನದಲ್ಲಿ ಕುಳ್ಳಿರಿಸಿ ಕ್ಯಾಸೆಟ್ಟನ್ನು ಹಾಕಿದೆವು. ಮಧ್ಯಸ್ವರವು ತುಸು ಮುಂದಾಯಿತೆಂದು ನಮಗೆ ತೋರಿತು. ಗುಂಡಿಯನ್ನು ಸ್ವಲ್ಪ ಇಳಿಸಿದೆವು. ಅಕ್ಕನವರು ಕಣ್ಣು ಮುಚ್ಚಿ, “ಇನ್ನೊಂಚೂರು” ಎಂದರು. ಇಳಿಸಿದೆವು. “ಹಾಂ, ಬಿಡು. ಹಲ್ಲು ಬಿದ್ದ ಮೇಲೆ ಅಮ್ಮ ಸಕಾರ ಹೀಗೇ ಅನ್ನುತ್ತಿದ್ದಳು” ಎಂದರು. ತಾರಸ್ವರವು ನಿಂತುಹೋಗಿದ್ದಾಗ ಆ ಸಕಾರವು ಕೇಳಿಯೇ ಇರಲಿಲ್ಲ. ನಮಗೆ ಅದು ಅಂದಿನವರೆಗೆ ತಿಳಿದೇ ಇರಲಿಲ್ಲ.

ಗುಂಡಿಗಳು ನಿಂತ ನೆಲೆಯನ್ನೂ, ಪೀಠಗಳ ಅಳತೆಯನ್ನೂ, ದಿನಾಂಕವನ್ನೂ ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಬೆನ್ನಿಗೆ ಅಂಟಿಸಿದ್ದೇವೆ. ಕೆಳಗೆ ಅಕ್ಕನವರ ರುಜುವೂ ಇರುವುದು. ಮುಂದೆ ನಮ್ಮ ಮಕ್ಕಳು ಗುಂಡಿಯನ್ನು ಎತ್ತ ತಿರುಗಿಸಿದರೂ ಮರಳಿ ಬರುವುದಕ್ಕೆ ಒಂದು ಸ್ಥಾನ ಉಳಿಯಿತು. ಹೂದಾನಿಗಳು ಈಗ ಕಿಟಕಿಯ ಬಳಿಯಲ್ಲಿವೆ.

ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ. ಯಂತ್ರದ ಭಾಗಗಳು ಇಂದಲ್ಲದಿದ್ದರೆ ನಾಳೆ ದೊರೆಯಬಹುದು. “ಹೌದು, ಇದೇ ಆ ಧ್ವನಿ” ಎಂದು ಹೇಳಬಲ್ಲ ಹಿರಿಯರು ನಿಮ್ಮ ಮನೆಯಲ್ಲಿದ್ದರೆ, ಈ ಕೆಲಸವನ್ನು ಮುಂದಿನ ಹಬ್ಬಕ್ಕೆ ತಳ್ಳದೆ, ಬರುವ ಭಾನುವಾರವೇ ಆರಂಭಿಸಿರಿ.